ಇಂಗಿನ ಡಬ್ಬಿಯಲ್ಲಿ ಉಳಿದ ಮೂರು ಗುಳಿಗೆ

ಪುಟ್ಟತಾಯಮ್ಮನ ಅಡುಗೆಮನೆಯಲ್ಲಿ ಇಂಗಿನ ಡಬ್ಬಿ ಎರಡು. ಒಂದು ಒಲೆಯ ಪಕ್ಕದಲ್ಲಿ, ದಿನಾ ಕೈಗೆ ಸಿಗುವಂಥದ್ದು. ಇನ್ನೊಂದು ಮೇಲಿನ ಅಟ್ಟದಲ್ಲಿ, ಹಳೆಯ ಇಡ್ಲಿ ಪಾತ್ರೆಯ ಒಳಗೆ. ಆ ಎರಡನೆಯದರಲ್ಲಿ ಇಂಗು ಮುಗಿದು ವರ್ಷವಾಗಿತ್ತು. ಈಗ ಅದರಲ್ಲಿದ್ದದ್ದು ಕಡಲೆಕಾಳಿನ ಗಾತ್ರದ ಮೂರು ಕಪ್ಪು ಗುಳಿಗೆ. ಇಂಗಿನ ಘಾಟಿನ ಮುಂದೆ ಬೇರೆ ಯಾವ ವಾಸನೆಯೂ ಗೊತ್ತಾಗುವುದಿಲ್ಲವೆಂದು ಅವಳೇ ಯೋಚಿಸಿ ಅಲ್ಲಿಟ್ಟಿದ್ದಳು. ಇಂಥ ವಿಷಯಗಳಲ್ಲಿ ಅವಳ ತಲೆ ಬಲು ಚುರುಕು.

ಗುಳಿಗೆಗಳು ಮೊದಲು ಒಂಬತ್ತಿದ್ದವು. ಸೊಸೆ ಕುಸುಮ ಎರಡನೆಯ ಸಲ ಬಸುರಾದಳೆಂದು ಗೊತ್ತಾದ ವಾರವೇ ಪುಟ್ಟತಾಯಮ್ಮ ತಿ. ನರಸೀಪುರದ ಕಡೆಯ ತನ್ನ ತವರೂರಿಗೆ ಹೋಗಿ, ಅಲ್ಲಿ ಔಷಧಿ ಕೊಡುವ ಮುದುಕಿಯೊಬ್ಬಳಿಂದ ಅವನ್ನು ತಂದಿದ್ದಳು. ಗಂಡುಮಗು ಆಗಲೆಂದು ಕೊಡುವ ಔಷಧಿ. ಮೂರು ಸೋಮವಾರ, ಸೋಮವಾರಕ್ಕೆ ಮೂರರಂತೆ, ಗಂಡುಗರು ಹಾಕಿದ ಹಸುವಿನ ಹಾಲಿನಲ್ಲಿ ತೇದು ಕುಡಿಸಬೇಕು. ಕುಡಿಯುವವಳಿಗೆ ತಿಳಿಯಬಾರದು, ತಿಳಿದರೆ ಔಷಧಿ ಹಿಡಿಯುವುದಿಲ್ಲ. ನಜರ್‌ಬಾದಿನಂಥ ಜಾಗದಲ್ಲಿ ಗಂಡುಗರು ಹಾಕಿದ ಹಸುವನ್ನು ಹುಡುಕುವುದೇನು ಸುಲಭವೇ? ಹಾಲಿನ ಚಿಕ್ಕಣ್ಣನ ಕೊಟ್ಟಿಗೆಗೇ ಹೋಗಿ, ಕರುವಿನ ಬಾಲ ಎತ್ತಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡು ಬಂದಿದ್ದಳು.

ಕುಸುಮ ಡಿಗ್ರಿ ಓದಿದವಳು, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಮೊದಲನೆಯವಳು ಮಾಲಾ, ಆರು ವರ್ಷ. "ಗಂಡೋ ಹೆಣ್ಣೋ, ಇನ್ನೊಂದಾಗ್ಲಿ ಅತ್ತೆ, ಸಾಕು" ಎಂದು ಮೊದಲೇ ಹೇಳಿಬಿಟ್ಟಿದ್ದಳು. ಅಂಥವಳ ಹತ್ತಿರ ಗುಳಿಗೆಯ ಮಾತು ಎತ್ತುವ ಹಾಗಿಲ್ಲ. ಹಾಗಾಗಿ ಹಾಲಿಗೆ ಬಾದಾಮಿ ಅರೆದು ಹಾಕಿ, ಕೇಸರಿ ಉದುರಿಸಿ, ಏಲಕ್ಕಿ ಕುಟ್ಟಿ ಹಾಕಿ ಕೊಟ್ಟಳು.

"ಅತ್ತೆ, ಯಾಕೋ ಒಂದ್ ಥರಾ ಕಹಿ ಕಣ್ರೀ."

"ಬಾದಾಮಿ ಕಹಿ ಇತ್ತೇನೋ. ಮೂಗು ಮುಚ್ಕೊಂಡು ಕುಡಿ ಕಣವ್ವ, ಮೈಗೆ ಒಳ್ಳೇದು."

ಎರಡು ಸೋಮವಾರ ಕುಡಿದಳು. ಮೂರನೆಯ ಸೋಮವಾರ ವಾಕರಿಕೆ ಹೆಚ್ಚಾಗಿ, ಹಾಲಿನ ಲೋಟ ಕಂಡರೇ ಎದ್ದು ಹೋಗುತ್ತಿದ್ದಳು. ಉಳಿದ ಮೂರು ಗುಳಿಗೆ ಅಟ್ಟ ಸೇರಿದವು.

ಮಗು ಗಂಡೇ ಆಯಿತು. ಪುಟ್ಟತಾಯಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಮಾರನೆಯ ದಿನ ಆಸ್ಪತ್ರೆಯ ಮಕ್ಕಳ ಡಾಕ್ಟರು ಮಗುವಿನ ಕಣ್ಣು, ಕಿವಿ, ಸಡಿಲವಾದ ಕೈಕಾಲು ನೋಡಿ, ಅಂಗೈ ಬಿಡಿಸಿ ಅಲ್ಲಿದ್ದ ಒಂದೇ ಅಡ್ಡಗೆರೆ ತೋರಿಸಿ, "ಡೌನ್ ಸಿಂಡ್ರೋಮ್ ಅಂತ ಅನುಮಾನ. ರಕ್ತ ಪರೀಕ್ಷೆಗೆ ಕಳಿಸ್ತೀವಿ, ಮೂರು ವಾರ ಆಗತ್ತೆ" ಎಂದರು. ಅವತ್ತಿನಿಂದ ಪುಟ್ಟತಾಯಮ್ಮನಿಗೆ ಅಟ್ಟದ ಕಡೆ ಕತ್ತೆತ್ತಿ ನೋಡುವ ಧೈರ್ಯ ಉಳಿಯಲಿಲ್ಲ.

ಎರಡನೆಯ ಬಾಣಂತನವಾದ್ದರಿಂದ ಅದು ಗಂಡನ ಮನೆಯಲ್ಲೇ. ಎಲ್ಲ ಪುಟ್ಟತಾಯಮ್ಮನ ಕೈಯಲ್ಲೇ ಆಗಬೇಕು. ಬೆಳಿಗ್ಗೆ ಹಂಡೆಗೆ ಉರಿ ಹಾಕುವುದು, ಬಾಣಂತಿಗೆ ಎಣ್ಣೆ ತಿಕ್ಕಿ ಸುಡುನೀರು ಹುಯ್ಯುವುದು, ಮಣೆಯ ಮೇಲೆ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಮೀಯಿಸುವುದು, ಸಾಂಬ್ರಾಣಿ ಹೊಗೆ ಹಾಕುವುದು. ಆಮೇಲೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಅರವತ್ತೆರಡರ ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಯಾರನ್ನೂ ಹತ್ತಿರ ಬಿಡಲಿಲ್ಲ.

"ಒಸಿ ಕೂತ್ಕೊಳೇ, ಸತ್ತುಗಿತ್ತೋದೀಯ" ಎಂದ ಗಂಡ ಮಹದೇವು. ತೋಟಗಾರಿಕೆ ಇಲಾಖೆಯಲ್ಲಿ ಮಾಲಿಯಾಗಿದ್ದು ನಿವೃತ್ತನಾದ ಅವನಿಗೆ ಈಗ ಮನೆ ಮುಂದಿನ ಕುಂಡಗಳೇ ಇಲಾಖೆ.

"ಸುಮ್ಕಿರಿ. ಕೂತ್ರೆ ಆಯ್ತದಾ?"

ಕೂತರೆ ಆಗುತ್ತಿರಲಿಲ್ಲ, ನಿಜ. ಕೂತರೆ ಸೋಮವಾರದ ಹಾಲು ನೆನಪಾಗುತ್ತಿತ್ತು.

ಎರಡನೆಯ ಭಾನುವಾರ ಮಗಳು ಚಂದ್ರಮತಿ ಬಂದಳು. ಗೋಕುಲಂನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವ ಬಿಳಿಯರಿಗೆ ಊಟ ಮಾಡಿಕೊಡುವ ಕೆಲಸ ಅವಳದು. ನಾಲ್ಕು ದೇಶದವರ ಮಾತು ಕೇಳಿ ಕೇಳಿ, ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಗತ್ತು ಬಂದಿತ್ತು. ಮುದ್ದೆ ಊಟ ಮುಗಿದು ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ಶುರು ಮಾಡಿದಳು.

"ನಮ್ಮ ವಂಶದಲ್ಲಿ ಇಂಥದ್ದು ಯಾರ್ಗೂ ಇಲ್ಲ. ಹೊಟ್ಟೇಲಿದ್ದಾಗ ಏನೋ ಆಗದೆ. ಆ ಜೆರಾಕ್ಸ್ ಮಿಷನ್ ಮುಂದೆ ದಿನವೆಲ್ಲ ನಿಂತಿದ್ಯಲ್ಲ ಕುಸುಮಾ, ಆ ಬೆಳಕು ಹೊಟ್ಟೆಗೆ ಹೊಡ್ದಿರತ್ತೆ."

"ಅಕ್ಕ, ಸುಮ್ನೆ ಇರ್ತೀಯಾ?" ಎಂದ ಕುಸುಮಳ ಗಂಡ ಸಂಜಯ್. ಅವನು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳ ಮಾತು ಸಹಿಸಿ ಸಹಿಸಿ ಮನೆಯಲ್ಲಿ ಅವನ ಸಹನೆ ಬೇಗ ಮುಗಿಯುತ್ತಿತ್ತು.

"ನಾನೇನು ಬೈತಾ ಇದೀನಾ? ಕಾರಣ ಕೇಳ್ತಾ ಇದೀನಿ. ಪರಂಗಿಹಣ್ಣು ತಿಂದ್ಯಾ? ಗ್ರಹಣದಲ್ಲಿ ಆಚೆಗೆ ಬಂದ್ಯಾ?"

ಕುಸುಮ ಮಗುವಿನ ಟೋಪಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಸಣ್ಣ ದನಿಯಲ್ಲಿ ಹೇಳಿದಳು:

"ಎರಡನೇ ತಿಂಗಳಲ್ಲಿ ತಲೆನೋವು ಅಂತ ಎರಡು ಮಾತ್ರೆ ತಗೊಂಡಿದ್ದೆ ಅತ್ತಿಗೆ. ಡಾಕ್ಟ್ರನ್ನ ಕೇಳಿರಲಿಲ್ಲ. ಅದೇ ಇರ್ಬೇಕು."

ಚಂದ್ರಮತಿಗೆ ಬೇಕಾದ್ದು ಸಿಕ್ಕಿತ್ತು. ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ ಅನ್ನಿಸಿ ಪುಟ್ಟತಾಯಮ್ಮ ಬಾಯಿಬಿಟ್ಟಳು.

"ಮಾತ್ರೆ ನುಂಗ್‌ಬಾರದಿತ್ತು ಕಣವ್ವ" ಎಂದಳು.

ಇಷ್ಟೇ. ಬೈಗುಳವಲ್ಲ, ಕೂಗಾಟವಲ್ಲ. ಕನಿಕರದಿಂದಲೇ ಹೇಳಿದ ಹಾಗಿತ್ತು. ಕುಸುಮ ತಲೆ ಆಡಿಸಿ, "ಹೂಂ ಅತ್ತೆ" ಎಂದಳು. ಆ ಹೊತ್ತಿಗೆ ಪುಟ್ಟತಾಯಮ್ಮನಿಗೆ ಆದದ್ದು ಸಮಾಧಾನ. ಎಂಥ ಹೊಲಸು ಸಮಾಧಾನ ಅದು ಎಂಬುದು ಅವಳಿಗೆ ಆಗಲೇ ಗೊತ್ತಾಯಿತು. ಎದ್ದು ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ನಾಲ್ಕು ದಿನಕ್ಕೆ ಕುಸುಮಳ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂತು. ಡಾಕ್ಟರು ಬರೆದುಕೊಟ್ಟ ಮಾತ್ರೆ ತಲೆದಿಂಬಿನ ಪಕ್ಕದಲ್ಲೇ ಇತ್ತು. ಅವಳು ಮುಟ್ಟಲಿಲ್ಲ.

"ನುಂಗೇ, ಮೈ ಸುಡ್ತಾ ಇದೆ" ಎಂದು ಸಂಜಯ್ ನೀರಿನ ಲೋಟ ಹಿಡಿದು ನಿಂತ.

"ಬೇಡ. ಒಂದ್ಸಲ ನುಂಗಿ ಆಗಿದ್ದು ಸಾಕು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಂಗೆ ಬೇಡ ಅಂದ್ನಲ್ಲ! ಹಾಲು ಕುಡಿಯೋ ಮಗು ಇದೆ. ಇನ್ನೊಂದ್ಸಲ ಅದಕ್ಕೆ ಏನಾದ್ರೂ ಆದ್ರೆ?"

ಮೂರು ದಿನ ಹಾಗೇ ಬಿದ್ದುಕೊಂಡಳು. ಪುಟ್ಟತಾಯಮ್ಮ ಬಿಸಿನೀರಿನ ಬಟ್ಟೆ ಇಟ್ಟಳು, ಕೋಸಿನ ಎಲೆ ತಂದು ಎದೆಗೆ ಕಟ್ಟಿದಳು, ಗಂಜಿ ಕುಡಿಸಿದಳು. ಜ್ವರದಲ್ಲಿ ಕಣ್ಣು ಮುಚ್ಚಿದ ಸೊಸೆಯ ಹತ್ತಿರ ಕೂತು, 'ಹೇಳಿಬಿಡ್ಲಾ' ಎಂದು ಎಷ್ಟು ಸಲ ಅಂದುಕೊಂಡಳೋ. ಹೇಳಿದರೆ ಸಂಜಯ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಮನೆ ಮಾಡುತ್ತಾನೆ. ಈ ಮಗುವನ್ನು ತನಗೆ ಮುಟ್ಟಲು ಕೊಡುವುದಿಲ್ಲ. ಮೀಯಿಸುವಾಗ ತನ್ನ ಕಾಲಿನ ಮೇಲೆ ಮಲಗಿ, ಬೆಚ್ಚನೆಯ ನೀರು ಬಿದ್ದೊಡನೆ ಮುಖ ಸೊಟ್ಟಗೆ ಮಾಡಿ ಆಮೇಲೆ ಹಾಯಾಗಿ ನಾಲಿಗೆ ಚಾಚುವ ಆ ಕೂಸನ್ನು ಬಿಟ್ಟಿರಲು ಅವಳಿಂದ ಆಗುತ್ತಿರಲಿಲ್ಲ. ಹೇಳಲಿಲ್ಲ.

ನಾಲ್ಕನೆಯ ದಿನ ಮಹದೇವುವೇ ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ನುಂಗು ತಾಯಿ. ನಿಂಗೇನಾದ್ರೂ ಆದ್ರೆ ಎರಡು ಮಕ್ಳನ್ನ ಈ ಮುದುಕ ಸಾಕಕ್ಕಾಯ್ತದಾ?" ಎಂದ. ಮಾವನ ಮಾತಿಗೆ ಕುಸುಮ ಮಾತ್ರೆ ನುಂಗಿದಳು, ಅಳುತ್ತಲೇ.

ರಿಪೋರ್ಟು ಬಂದ ದಿನ ಸಂಜಯ್, ಕುಸುಮ, ಮಗು, ಪುಟ್ಟತಾಯಮ್ಮ ಆಟೋದಲ್ಲಿ ಆಸ್ಪತ್ರೆಗೆ ಹೋದರು. ಮಕ್ಕಳ ಡಾಕ್ಟರ್ ಶಾಂತಾದೇವಿ ಐವತ್ತರ ಆಸುಪಾಸಿನ ಹೆಂಗಸು. ಅವಸರ ಮಾಡಲಿಲ್ಲ. ಬಿಳಿ ಹಾಳೆಯ ಮೇಲೆ ಒಂದು ದೊಡ್ಡ ಗುಂಡು ಬರೆದು ಅದರೊಳಗೆ ಸಣ್ಣ ಸಣ್ಣ ಗೆರೆ ಎಳೆದರು.

"ನೋಡಿ, ಇದು ಜೀವಕೋಶ. ನಮ್ಮ ಮೈಯಲ್ಲಿ ಇಂಥವು ಕೋಟಿ ಕೋಟಿ ಇವೆ. ಒಂದೊಂದ್ರಲ್ಲೂ ನಲವತ್ತಾರು ವರ್ಣತಂತು, ಅಂದ್ರೆ ಇಪ್ಪತ್ಮೂರು ಜೋಡಿ. ಮೈ ಹೇಗಿರ್ಬೇಕು ಅನ್ನೋದೆಲ್ಲ ಇವುಗಳಲ್ಲಿ ಬರೆದಿರತ್ತೆ. ತಾಯಿಯ ಅಂಡಾಣು ಆಗೋವಾಗ ಕೋಶ ಒಡೆದು ಪಾಲಾಗತ್ತೆ. ಜೋಡಿ ಬಿಟ್ಟು ಒಂದು ಆ ಕಡೆ, ಒಂದು ಈ ಕಡೆ ಹೋಗ್ಬೇಕು. ಅಪ್ಪನ ಕಡೇನೂ ಹಾಗೇ. ಆಗ ಎರಡೂ ಸೇರಿದ್ರೆ ಮತ್ತೆ ಜೋಡಿ ಆಗತ್ತೆ. ನಿಮ್ಮ ಮಗೂದು ಏನಾಗಿದೆ ಅಂದ್ರೆ, ಇಪ್ಪತ್ತೊಂದನೇ ಜೋಡಿ ಬಿಡ್ಲೇ ಇಲ್ಲ. ಎರಡೂ ಒಂದೇ ಕಡೆ ಹೋಗ್ಬಿಟ್ಟಿವೆ. ಇನ್ನೊಂದು ಕಡೆಯಿಂದ ಒಂದು ಬಂದು ಮೂರಾಯ್ತು. ಒಟ್ಟು ನಲವತ್ತೇಳು."

ಸಂಜಯ್ ಹಾಳೆಯನ್ನೇ ನೋಡುತ್ತಿದ್ದ. "ನಮ್ಮ ಅಂಗಡೀಲಿ ಹಿಂಗೇ ಆಗತ್ತೆ ಮೇಡಂ" ಎಂದ ತಟ್ಟನೆ. "ಜೋಡಿ ಬಿಡಿಸಿ ಒಂದು ಕಾಲು ಶೋಕೇಸಿಗೆ, ಒಂದು ಕಾಲು ಗೋಡೌನಿಗೆ ಕಳಿಸ್ತೀವಿ. ಒಂದೊಂದ್ಸಲ ಬಿಡಿಸೋದ್ರಲ್ಲಿ ತಪ್ಪಿ ಎರಡೂ ಒಂದೇ ಮೂಟೆಗೆ ಬಿದ್ಬಿಟ್ಟಿರತ್ತೆ."

"ಸರಿಯಾಗಿ ಹೇಳಿದ್ರಿ. ಆದ್ರೆ ನಿಮ್ಮ ಅಂಗಡೀಲಿ ಬೈಯಕ್ಕೆ ಒಬ್ಬ ಸಿಗ್ತಾನೆ, ಇಲ್ಲಿ ಯಾರೂ ಸಿಗಲ್ಲ. ಬಹಳ ಸಲ ಇದು ಅಂಡಾಣುವಲ್ಲಿ ಆಗತ್ತೆ, ಕೆಲವು ಸಲ ಗಂಡಸಿನ ಕಡೆ. ಯಾರ ಕಡೆ ಆದ್ರೂ ಅದು ಯಾರ ಕೈಯಲ್ಲೂ ಇಲ್ಲ."

ಪುಟ್ಟತಾಯಮ್ಮ ಸೆರಗಿನ ಅಂಚು ಹಿಂಡುತ್ತ ಕೇಳಿದಳು. "ಇದು ಯಾವಾಗ ಆಗೋದು ತಾಯಿ? ಎರಡ್ನೇ ತಿಂಗ್ಳಲ್ಲಿ ತಿಂದಿದ್ದು ಕುಡಿದಿದ್ದು…"

"ಇಲ್ಲಮ್ಮ. ಬಸಿರು ಕಟ್ಟೋಕ್ಕಿಂತ ಮೊದ್ಲೇ ಆಗೋದು. ಎರಡನೇ ತಿಂಗಳಿಗೆ ಮಗೂನ ಪ್ರತಿ ಕೋಶದಲ್ಲೂ ಇದು ಇದ್ದೇ ಇತ್ತು."

"ತಲೆನೋವಿನ ಮಾತ್ರೆ…" ಎಂದಳು ಕುಸುಮ.

"ಅದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ಕುಸುಮ ಮಗುವಿನ ಮೇಲೆ ಮುಖ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಪುಟ್ಟತಾಯಮ್ಮನಿಗೂ ಮೈ ಹಗುರಾಯಿತು. ಗುಳಿಗೆಯಿಂದ ಅಲ್ಲ. ಅವಳೇ ಬಾಲ ಎತ್ತಿ ನೋಡಿ ತಂದ ಹಾಲಿನಿಂದ ಅಲ್ಲ. ಮನಸ್ಸಿನಲ್ಲೇ ಚಾಮುಂಡಿಗೆ ಕೈಮುಗಿದಳು.

ಡಾಕ್ಟರು ಇನ್ನೊಂದು ಹಾಳೆ ತೆಗೆದುಕೊಂಡರು. "ಇಂಥ ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಹೃದಯದಲ್ಲಿ ತೊಂದರೆ ಇರತ್ತೆ. ಬರೋ ತಿಂಗಳು ಸ್ಕ್ಯಾನ್ ಮಾಡ್ಸೋಣ. ಅದಕ್ಕೆ ಕೆಲವು ವಿವರ ಬೇಕು. ಮೊದಲ ಮೂರು ತಿಂಗಳಲ್ಲಿ ಆ ಮಾತ್ರೆ ಬಿಟ್ರೆ ಬೇರೆ ಔಷಧಿ? ನಾಟಿ ಔಷಧಿ ಏನಾದ್ರೂ?"

"ಇಲ್ಲ ಡಾಕ್ಟ್ರೇ" ಎಂದಳು ಕುಸುಮ ಕಣ್ಣೊರೆಸಿಕೊಳ್ಳುತ್ತ. "ನಮ್ಮತ್ತೆ ಬಾದಾಮಿ ಹಾಲು ಕೊಡ್ತಿದ್ರು, ಅಷ್ಟೇ."

ಡಾಕ್ಟರು ನಕ್ಕು, 'ಇಲ್ಲ' ಎಂದು ಬರೆದರು. ಪುಟ್ಟತಾಯಮ್ಮನಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಆ ಎರಡು ಅಕ್ಷರ ಚೆನ್ನಾಗಿ ಕಂಡವು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಗೆಲುವು ಬಂತು. ಕುಸುಮ ಹೊಟ್ಟೆತುಂಬ ಊಟ ಮಾಡತೊಡಗಿದಳು. ಸಂಜಯ್ ಮಾಲಾಳಿಗೆ ಎರಡು ಪುಟ್ಟ ಚೀಲ, ಇಪ್ಪತ್ಮೂರು ಜೋಡಿ ಬೆಂಕಿಕಡ್ಡಿ ಇಟ್ಟು ತಮ್ಮನ ಕಥೆ ಹೇಳಿದ. ಮಾಲಾ ಎಲ್ಲ ಕೇಳಿ, "ಹಂಗಾದ್ರೆ ಪಾಪೂಗೆ ಒಂದು ಜಾಸ್ತಿ ಸಿಕ್ಕಿದೆ" ಎಂದು ತೀರ್ಪು ಕೊಟ್ಟಳು. ನಾಮಕರಣಕ್ಕೆ ಬಂದ ಚಂದ್ರಮತಿ ಮಾತ್ರ ಹೆಸರಿನ ವಿಷಯದಲ್ಲಿ ತಗಾದೆ ತೆಗೆದಳು.

"ತಾತನ ಹೆಸರು ಇದಕ್ಯಾಕಪ್ಪ? ಮುಂದೆ ನಮ್ಮ ಮನೇಲಿ ಇನ್ನೊಂದು ಗಂಡಾದ್ರೆ ಇಡ್ಬಹುದು."

"ನಮ್ಮಪ್ಪನ ಹೆಸ್ರು ಕಣೇ, ನಾನು ಇಡೋದು" ಎಂದ ಮಹದೇವು. "ಇವನಿಗಿಡದೆ ಇನ್ಯಾರಿಗಿಡ್ಲಿ? ಸದಾಶಿವ. ಬರ್ಕೊ."

ಸದಾಶಿವ ಒಂದೇ ದಿನದಲ್ಲಿ ಶಿವು ಆದ. ಅವತ್ತು ಬಂದವರೆಲ್ಲ ಹೋದ ಮೇಲೆ ಕುಸುಮ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ನಮ್ಮಮ್ಮ ಇದ್ದಿದ್ರೂ ಇಷ್ಟು ಮಾಡ್ತಿದ್ರೋ ಇಲ್ವೋ ಅತ್ತೆ" ಎಂದಳು. ಕುಸುಮಳಿಗೆ ತಾಯಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಪುಟ್ಟತಾಯಮ್ಮ "ಏಳವ್ವ, ಏಳು" ಎಂದು ಅವಳ ಭುಜ ಹಿಡಿದಳು.

ಈಗ ಗುಳಿಗೆಗಳನ್ನು ಮೋರಿಗೆ ಎಸೆದುಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಡಾಕ್ಟರೇ ಹೇಳಿದ ಮೇಲೆ ತಪ್ಪೆಲ್ಲಿ ಬಂತು? ಹೀಗೆ ತನಗೆ ತಾನೇ ವಾದ ಹೇಳಿಕೊಂಡು ಎರಡು ಸಲ ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಹಾಕಿದಳು. ಎರಡು ಸಲವೂ ಆ 'ಇಲ್ಲ' ಅಡ್ಡ ಬಂತು. ಡಾಕ್ಟರು ಕೇಳಿದ್ದು ಮಗುವಿನ ಎದೆಗಾಗಿ. ಅದಕ್ಕೆ ಸುಳ್ಳು ಉತ್ತರ ಬರೆಸಿದವಳು ಕುಸುಮ ಅಲ್ಲ, ಪಕ್ಕದಲ್ಲೇ ಬಾಯಿ ಹೊಲಿದುಕೊಂಡು ಕೂತಿದ್ದ ತಾನು.

ಸ್ಕ್ಯಾನಿಗೆ ಎರಡು ದಿನ ಇತ್ತು. ಅವರೆಕಾಯಿಯ ಕಾಲ. ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಹಾಕಿದ ಕಾಳು ಹಿದುಕುತ್ತಿದ್ದರು. ಬೇಳೆ ಪುಳಕ್ಕೆಂದು ಬಟ್ಟಲಿಗೆ ಬೀಳುತ್ತಿತ್ತು. ಶಿವು ಪಕ್ಕದ ಚಾಪೆಯ ಮೇಲೆ ಮಲಗಿದ್ದ.

"ಕುಸುಮಾ, ಅದು ಬಾದಾಮಿ ಹಾಲಲ್ಲ ಕಣವ್ವ."

"ಯಾವ್ದು ಅತ್ತೆ?"

"ನೀನು ಡಾಕ್ಟ್ರಿಗೆ ಹೇಳ್ದೆಯಲ್ಲ, ಅದು. ಅದ್ರಲ್ಲಿ ಗುಳಿಗೆ ತೇದಿದ್ದೆ. ಗಂಡಾಗ್ಲಿ ಅಂತ ಊರಿಂದ ತಂದಿದ್ದೆ."

ಕುಸುಮಳ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. ಪುಟ್ಟತಾಯಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಗೊತ್ತಿತ್ತು. ಮುದುಕಿ, ಸೋಮವಾರ, ಚಿಕ್ಕಣ್ಣನ ಹಸು, ಎಲ್ಲ ಹೇಳಿದಳು. ಸ್ಟೂಲು ಹತ್ತಿ ಇಂಗಿನ ಡಬ್ಬಿ ತೆಗೆದು ಸೊಸೆಯ ಮುಂದೆ ಇಟ್ಟಳು.

"ಎಷ್ಟು ಕೊಟ್ರಿ?"

"ಆರು."

"ನನ್ನ ಕೇಳ್ದೆ."

"ಕೇಳ್ದೆ."

"ಮಾಲಾ ಸಾಲ್ದಾಗಿತ್ತಾ ನಿಮ್ಗೆ?"

ಪುಟ್ಟತಾಯಮ್ಮ ತಲೆ ತಗ್ಗಿಸಿದಳು.

"ನಾನು ಮಾತ್ರೆ ತಗೊಂಡೆ ಅಂತ ಅತ್ತಿಗೆ ಮುಂದೆ ಹೇಳ್ದಾಗ ನೀವು ಅಲ್ಲೇ ಇದ್ರಿ."

"ಇದ್ದೆ."

"ನುಂಗ್‌ಬಾರದಿತ್ತು ಅಂದ್ರಿ."

"ಅಂದೆ."

"ಜ್ವರದಲ್ಲಿ ನಾನು ಮೂರು ದಿನ ಮಾತ್ರೆ ಬೇಡ ಅಂತ ಬಿದ್ದಿದ್ದೆ. ಎದೆಗೆ ಎಲೆ ಕಟ್ತಾ ಕೂತಿದ್ರಲ್ಲ, ಆಗ್ಲೂ ಗೊತ್ತಿತ್ತು ನಿಮ್ಗೆ."

"ಗೊತ್ತಿತ್ತು ಕಣವ್ವ."

ಕುಸುಮ ಕೂಗಾಡಲಿಲ್ಲ. ಕೈ ತೊಳೆದುಕೊಂಡು, ಡಬ್ಬಿಯನ್ನು ಒಂದು ಕೈಯಲ್ಲಿ, ಮಗುವನ್ನು ಇನ್ನೊಂದು ತೋಳಲ್ಲಿ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಕೂಗಾಡಿದವನು ಸಂಜಯ್, ಮಧ್ಯಾಹ್ನ ಊಟಕ್ಕೆ ಬಂದು ವಿಷಯ ತಿಳಿದ ಮೇಲೆ.

"ಏನವ್ವಾ ಇದು? ನೀನೇನು ಮನುಷ್ಯಳಾ? ಏನಿತ್ತು ಆ ಗುಳಿಗೇಲಿ? ಪಾಷಾಣ ಇತ್ತೋ ಏನಿತ್ತೋ ಗೊತ್ತಾ ನಿಂಗೆ?"

"ಗೊತ್ತಿಲ್ಲ ಕಣಪ್ಪ."

"ಗೊತ್ತಿಲ್ದೆ ಕುಡಿಸ್ಬುಟ್ಟೆ! ಅಕ್ಕ ಅವಳನ್ನ ಹಿಂಡ್ತಾ ಇದ್ರೆ ನೀನು ಒಗ್ಗರಣೆ ಬೇರೆ ಹಾಕ್ದೆ!"

ಬಾಗಿಲಲ್ಲಿ ನಿಂತಿದ್ದ ಮಹದೇವು ಮಗನನ್ನು ತಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿಗೆ ಹೇಳಿದ, "ಚಿಕ್ಕಣ್ಣ ನನ್ನ ಕೇಳಿದ್ದ ಕಣೇ. ನಿಮ್ಮ ಮನೆಯವ್ರು ಕರ ನೋಡಕ್ಕೆ ಬಂದಿದ್ರಲ್ಲ, ಏನ್ಸಮಾಚಾರ ಅಂತ. ನಂಗೆ ಆವಾಗ್ಲೇ ವಾಸನೆ ಹೊಡೀತು. ಕೇಳಿದ್ರೆ ಜಗಳ ಆಯ್ತದೆ ಅಂತ ಸುಮ್ಕಾದೆ." ಹಿದುಕಿದ ಅವರೆಬೇಳೆ ಅವತ್ತು ಹಾಗೇ ಬಟ್ಟಲಲ್ಲಿ ಉಳಿಯಿತು. ಯಾರೂ ಸಾರು ಮಾಡಲಿಲ್ಲ.

ಸ್ಕ್ಯಾನಿನ ದಿನ ಪುಟ್ಟತಾಯಮ್ಮ ತಾನೂ ಬರುತ್ತೇನೆಂದಳು. ಯಾರೂ ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಆಟೋದಲ್ಲಿ ಅಂಚಿಗೆ ಕೂತಳು. ಕುಸುಮ ಡಾಕ್ಟರ ಮೇಜಿನ ಮೇಲೆ ಡಬ್ಬಿ ಇಟ್ಟು ಬಾಯಿಬಿಡುವ ಮೊದಲೇ ಪುಟ್ಟತಾಯಮ್ಮ, "ನಾನು ಕೊಟ್ಟಿದ್ದು ತಾಯಿ, ಅವಳಿಗೆ ಗೊತ್ತಿರ್ನಿಲ್ಲ. ಆ ಹಾಳೇಲಿ ಬರ್ದಿರೋದನ್ನ ತಿದ್ದಿ" ಎಂದಳು. ಶಾಂತಾದೇವಿಯವರ ಮುಖದಲ್ಲಿ ಅವತ್ತಿನ ನಗು ಇರಲಿಲ್ಲ. 'ಇಲ್ಲ' ಎಂಬುದನ್ನು ಹೊಡೆದುಹಾಕಿ ಉದ್ದಕ್ಕೆ ಏನೇನೋ ಬರೆದರು.

ಮಗುವಿನ ಹೃದಯದಲ್ಲಿ ಒಂದು ಸಣ್ಣ ತೂತು ಇತ್ತು. "ಸಣ್ಣದು. ತಾನಾಗೇ ಮುಚ್ಚಿಕೊಳ್ಳೋ ಸಾಧ್ಯತೆ ಜಾಸ್ತಿ. ಮೂರು ಮೂರು ತಿಂಗಳಿಗೆ ಬಂದು ತೋರಿಸಿ" ಎಂದರು.

"ಗುಳಿಗೆಯಿಂದ ಆಯ್ತಾ?" ಪುಟ್ಟತಾಯಮ್ಮ ಕೇಳಿದಳು.

"ವರ್ಣತಂತು ಹೆಚ್ಚಾಗಿದ್ದು ಗುಳಿಗೆಯಿಂದ ಅಲ್ಲ, ಅವತ್ತೇ ಹೇಳ್ದೆ. ತೂತು ಕೂಡ ಇಂಥ ಮಕ್ಕಳಲ್ಲಿ ಗುಳಿಗೆ ಇಲ್ದೆನೂ ಇರತ್ತೆ. ಆದ್ರೆ ಹೃದಯ ಆಗೋ ಹೊತ್ತಲ್ಲೇ ನೀವು ಇದನ್ನ ಕೊಟ್ಟಿದೀರಿ. ಹೌದು ಅಂತನೂ ನಾನು ಹೇಳಕ್ಕಾಗಲ್ಲ, ಅಲ್ಲ ಅಂತನೂ ಹೇಳಕ್ಕಾಗಲ್ಲ."

ಅವಳಿಗೆ ಬೇಕಾಗಿದ್ದದ್ದು ಎರಡರಲ್ಲಿ ಒಂದು. ಹೌದು ಅಂದಿದ್ದರೆ ಶಿಕ್ಷೆಯಾದರೂ ಆಗುತ್ತಿತ್ತು. ಅದೂ ಸಿಗಲಿಲ್ಲ.

ಅಲ್ಲಿಂದಾಚೆಗೆ ಕುಸುಮ ಅತ್ತೆಯ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ತನ್ನ ಕಾಫಿ ತಾನೇ ಮಾಡಿಕೊಂಡಳು. ತನ್ನ ಅನ್ನಕ್ಕೆ ಸಾರನ್ನು ತಾನೇ ಬೇರೆ ಕುದಿಸಿಕೊಂಡಳು. ಬಾಣಂತಿ ಹೀಗೆ ಒಲೆ ಮುಂದೆ ನಿಲ್ಲುವುದನ್ನು ನೋಡಲಾರದೆ ಮೊದಲ ದಿನ ಪುಟ್ಟತಾಯಮ್ಮ, "ನೀನೇ ಮುಂದೆ ನಿಂತ್ಕೊಂಡು ನೋಡವ್ವ, ನಾನು ಮಾಡ್ತೀನಿ" ಎಂದಳು. "ಬೇಡಿ ಅತ್ತೆ" ಎಂದಳು ಕುಸುಮ. ಆ ಮಾತಿನಲ್ಲಿ ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. ಮನೆ ಬಿಟ್ಟು ಹೋಗುವ ಮಾತು ಸಂಜಯ್ ಎರಡು ಸಲ ಎತ್ತಿದ. ಎರಡು ಸಲವೂ ಕುಸುಮಳೇ, "ಮಾಲಾ ಸ್ಕೂಲು ಇಲ್ಲೇ ಇದೆ. ಮಾವನ ಬಿಟ್ಟು ಅವಳಿರಲ್ಲ" ಎಂದು ತಳ್ಳಿಹಾಕಿದಳು. ಅತ್ತೆಯ ಹೆಸರು ಎತ್ತಲಿಲ್ಲ.

ಮೀಯಿಸುವುದನ್ನು ಮಾತ್ರ ಅವಳು ಬಿಡಿಸಲಿಲ್ಲ. ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದಳು, ಅಷ್ಟೇ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಪುಟ್ಟತಾಯಮ್ಮ ಎಣ್ಣೆ ತಿಕ್ಕುವಾಗಲೇ ಮಾಡಿಸುತ್ತಿದ್ದಳು. ಸಡಿಲ ಕಾಲುಗಳನ್ನು ಮಡಿಸಿ ಬಿಡಿಸಿ, ಬೋರಲು ಹಾಕಿ ಕತ್ತೆತ್ತಿಸಿ, "ಎತ್ತಪ್ಪ ಸದಾಶಿವಯ್ಯ, ಎತ್ತು, ನಿಮ್ಮ ಮುತ್ತಾತ ಮೂಟೆ ಎತ್ತಿದ್ದ" ಎನ್ನುತ್ತಿದ್ದಳು. ಐದನೆಯ ತಿಂಗಳಲ್ಲಿ ಶಿವು ಕತ್ತು ನಿಲ್ಲಿಸಿದ. ಅವತ್ತು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನಕ್ಕರು. ಆಮೇಲೆ ಕುಸುಮ ಏನೋ ನೆನಪಾದವಳಂತೆ ಎದ್ದು ಒಳಗೆ ಹೋದಳು.

ಆರು ತಿಂಗಳು ತುಂಬಿತು. ಜೆರಾಕ್ಸ್ ಅಂಗಡಿಯವರು ಕೆಲಸಕ್ಕೆ ಯಾವಾಗ ಬರುತ್ತೀಯೆಂದು ಕೇಳಿ ಕಳಿಸಿದರು. ಮಗುವನ್ನು ಎಲ್ಲಿ ಬಿಡುವುದು ಎಂಬ ಮಾತು ಬಂತು. ಬನ್ನಿಮಂಟಪದಲ್ಲಿ ಒಳ್ಳೆಯ ಶಿಶುವಿಹಾರವಿದೆಯೆಂದು ಚಂದ್ರಮತಿ ಫೋನಿನಲ್ಲೇ ವಿಳಾಸ ಹೇಳಿದಳು. ಪುಟ್ಟತಾಯಮ್ಮ ಆ ವಾರವೇ ಮಗುವಿಗೆ ತಿನ್ನಿಸುವ ಸರಿಗೆಂದು ರಾಗಿ ನೆನೆಹಾಕಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳ್ಳನೆಯ ಪಂಚೆಯಲ್ಲಿ ಮೂರು ಸಲ ಜರಡಿ ಹಿಡಿದಳು. ಎಲ್ಲವನ್ನೂ ನಡುಮನೆಯಲ್ಲೇ ಮಾಡಿದಳು, ಎಲ್ಲರ ಕಣ್ಣ ಮುಂದೆ. ಗಾಜಿನ ಬಾಟಲಿಗೆ ತುಂಬಿ ಕುಸುಮಳ ಕೋಣೆಯ ಬಾಗಿಲಲ್ಲಿ ಇಟ್ಟಳು.

"ಯಾರು ಬೇಕಾದ್ರೂ ಮಾಡ್ಕೊಡ್ಲಿ. ಹಿಟ್ಟು ಚೆನ್ನಾಗದೆ" ಎಂದಳು.

ಸೋಮವಾರ ಬೆಳಿಗ್ಗೆ ಕುಸುಮ ಕೆಲಸದ ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದಳು. ಒಂದು ಕೈಯಲ್ಲಿ ಶಿವು, ಇನ್ನೊಂದರಲ್ಲಿ ಆ ಬಾಟಲಿ.

"ಅತ್ತೆ, ಸರಿ ಮಾಡಿ."

ಪುಟ್ಟತಾಯಮ್ಮ ನೀರಿಟ್ಟು, ಹಿಟ್ಟು ಕದಡಿ, ಗಂಟಾಗದಂತೆ ತಿರುವಿದಳು. ತುಪ್ಪದ ಒಂದು ಹನಿ. ಬಟ್ಟಲಿಗೆ ಹಾಕಿ, ಮುಂಗೈಗೆ ಮುಟ್ಟಿಸಿ ಬಿಸಿ ನೋಡಿದಳು. ಮಗುವನ್ನು ಮಡಿಲಿಗೆ ತೆಗೆದುಕೊಂಡು ಚಮಚ ಎತ್ತಿದಳು.

"ಮೊದ್ಲು ನೀವು ತಿನ್ನಿ" ಎಂದಳು ಕುಸುಮ.

ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದ ಸಂಜಯ್ ತಲೆ ಎತ್ತಿದ. ಮಹದೇವುವಿನ ಕೈಯಲ್ಲಿದ್ದ ನೀರಿನ ಚೊಂಬು ಕುಂಡದ ಮೇಲೆ ನಿಂತಿತು. ಪುಟ್ಟತಾಯಮ್ಮ ಬೇರೆ ಚಮಚ ತೆಗೆದುಕೊಂಡು, ಬಟ್ಟಲಿನಿಂದ ತುಂಬ ತೆಗೆದು ಬಾಯಿಗಿಟ್ಟುಕೊಂಡು ನುಂಗಿದಳು. ಬಾಯಿ ತೆರೆದು ತೋರಿಸಿದಳು ಕೂಡ. ಕುಸುಮ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹನ್ನೊಂದಕ್ಕೆ ಇನ್ನೊಂದ್ಸಲ ಕೊಡಿ. ಇದು ಬಿಟ್ಟು ಬಾಯಿಗೆ ಏನೂ ಹಾಕ್ಬೇಡಿ. ನಾಲ್ಕಕ್ಕೆ ಬರ್ತೀನಿ" ಎಂದು, ಮಗುವಿನ ತಲೆ ಸವರಿ ಹೊರಟಳು.

ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರೂ ಇರಲಿಲ್ಲ. ಮಹದೇವು ಸೊಪ್ಪು ತರಲು ಮಾರ್ಕೆಟ್ಟಿಗೆ ಹೋಗಿದ್ದ. ಪುಟ್ಟತಾಯಮ್ಮ ಮತ್ತೆ ಸರಿ ಮಾಡಿ, ಆರಿಸಿ, ಶಿವುವನ್ನು ಮಡಿಲಲ್ಲಿ ಕೂರಿಸಿಕೊಂಡಳು. ಅವನು ಆಗಲೇ ಬಾಯಿ ತೆರೆದಿದ್ದ.

"ತಡ್ಕೊಳಪ್ಪ" ಎಂದು, ಮೊದಲ ಚಮಚವನ್ನು ಅವಳು ತಿಂದಳು.